ಐವತ್ತೆಂಟು ಪರ್ಸೆಂಟ್ ಮತ್ತು ಐಸ್ ಹಾಕಿ

ಫೆಬ್ರುವರಿಯ ಒಂದು ಸಂಜೆ ನಮ್ಮ ವಿಭಾಗದ ನೋಟಿಸ್ ಬೋರ್ಡ್ ಮುಂದೆ ಗುಂಪು ಸೇರಿತ್ತು. ಇಂಟರ್ನ್‌ಷಿಪ್‌ಗೆ ಹುಡುಗರನ್ನು ಆರಿಸಲು ಬರಲಿರುವ ಕಂಪನಿಯೊಂದರ ಷರತ್ತುಗಳನ್ನು ಅಂಟಿಸಿದ್ದರು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60ಕ್ಕಿಂತ ಕಡಿಮೆ ಇರಬಾರದು. ನನ್ನ ಸಿಜಿಪಿಎ 8.3. ಎಸ್ಸೆಸ್ಸೆಲ್ಸಿಯಲ್ಲಿ ಶೇ 88. ಪಿಯುಸಿಯಲ್ಲಿ ಮಾತ್ರ ಶೇ 58. ಪರೀಕ್ಷೆಗೆ ಮುಂಚೆ ಕಾಮಾಲೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದೆ. ಕಾಮಾಲೆಯ ಕಥೆ ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಮೊಬೈಲ್‌ನಲ್ಲಿ 58 ಎಂದು ತುಂಬಿದ ಕೂಡಲೇ ‘ನೀವು ಅರ್ಹರಲ್ಲ’ ಎಂದು ಬಂತು. ಅಷ್ಟೇ.

ಮರುದಿನ ಬೆಳಗಿನ ಜಾವ ಐದೂವರೆಗೆ ಅಣ್ಣ ವಿಡಿಯೊ ಕಾಲ್ ಮಾಡಿದ. ದೊಡ್ಡಮ್ಮನ ಮಗ ಅವನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಎಂಬ ಊರಿನಲ್ಲಿ ಎಂ.ಎಸ್. ಓದುತ್ತಿದ್ದಾನೆ. ನಮ್ಮ ದಾವಣಗೆರೆಯಂತೆ ಅದೂ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಆ ಗಿರಣಿಗಳೂ ಮುಚ್ಚಿವೆ. ಅಲ್ಲಿ ಆಗ ಸಂಜೆ ಏಳು ಗಂಟೆ. ಅವನು ತನ್ನ ಯೂನಿವರ್ಸಿಟಿಯ ಐಸ್ ಹಾಕಿ ಪಂದ್ಯ ನೋಡುತ್ತಾ ಕುಳಿತಿದ್ದ. ನನ್ನ ಸಪ್ಪೆ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. ‘ನಿನ್ನಂಗೇ ಎಲ್ಲರ ಹತ್ರ ಬ್ಯಾಡ ಅನ್ನಿಸಿಕೊಂಡಿದ್ದವನೊಬ್ಬ ಇದೇ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದನಂತೆ ಕಣೋ. ಕಾನರ್ ಹೆಲೆಬಕ್ ಅಂತ. ಓದಿ ನೋಡು’ ಎಂದ.

ಓದಿದೆ. ಓದುತ್ತಾ ಹೋದಂತೆ ನನ್ನ 58ರ ದುಃಖ ಹಿಂದೆ ಸರಿದು ಬೇರೆಯೇ ಒಂದು ಪ್ರಶ್ನೆ ಮುಂದೆ ಬಂತು. ಹೊಸಬರನ್ನು ಅಳೆಯುವುದು ಹೇಗೆ?

ಟೆಕ್ಸಸ್‌ನಲ್ಲಿ ಸಿಕ್ಕ ಗೋಲ್‌ಕೀಪರ್

ಹೆಲೆಬಕ್ ಮಿಷಿಗನ್ ರಾಜ್ಯದವನು. ಅಮೆರಿಕದಲ್ಲಿ ಕಾಲೇಜು ಹಾಕಿ ಸೇರಬೇಕೆಂದರೆ ಸಾಮಾನ್ಯವಾಗಿ ಹೈಸ್ಕೂಲ್ ದಿನಗಳಲ್ಲೇ ಅಥವಾ ಅದು ಮುಗಿದ ಮೇಲೆ ‘ಜೂನಿಯರ್ ಲೀಗ್’ಗಳಲ್ಲಿ ಆಡಬೇಕು. ಅಲ್ಲಿನ ಮೇಲ್ದರ್ಜೆಯ ಜೂನಿಯರ್ ಲೀಗ್‌ನಲ್ಲಿ ಇವನಿಗೆ ಜಾಗ ಸಿಗಲಿಲ್ಲ. ಶಾಲಾ ತಂಡದಲ್ಲೇ ಆಡಿ ಮುಗಿಸಿದ. ಆಮೇಲೆ ಸಿಕ್ಕಿದ್ದು ಒಂದು ಮೆಟ್ಟಿಲು ಕೆಳಗಿನ ಲೀಗ್‌ನ ಒಡೆಸ್ಸಾ ಎಂಬ ತಂಡ. ಒಡೆಸ್ಸಾ ಇರುವುದು ಟೆಕ್ಸಸ್‌ನಲ್ಲಿ. ಬಿಸಿಲು, ಒಣನೆಲ, ಎಣ್ಣೆಬಾವಿಗಳ ಊರು. ಮಂಜಿನ ಮೇಲಿನ ಆಟಕ್ಕೆ ಪ್ರತಿಭೆ ಹುಡುಕುತ್ತಾ ಯಾರಾದರೂ ಅಲ್ಲಿಗೆ ಹೋಗುತ್ತಾರೆಯೇ?

ಲೊವೆಲ್‌ನವರ ಕಣ್ಣು ಅಲ್ಲಿಗೂ ಹೋಯಿತು. 2012ರಲ್ಲಿ ಅವನು ಲೊವೆಲ್ ಸೇರಿದ. ಅದೇ ವರ್ಷ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಆಯ್ಕೆಯಲ್ಲಿ ಅವನ ಹೆಸರು ಕೂಗಿದ್ದು 130ನೆಯದಾಗಿ. ಅಂದರೆ ಅವನಿಗಿಂತ 129 ಹುಡುಗರು ಮೇಲೆಂದು ಪಂಡಿತರು ತೀರ್ಮಾನಿಸಿದ್ದರು. ಮೊದಲ ವರ್ಷವೇ ಅವನಿದ್ದ ಲೊವೆಲ್ ತಂಡ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರೊಳಗೆ ಬಂತು. ಆ ಮಟ್ಟದಲ್ಲಿ ತಂಡಕ್ಕೆ ಅದು ಮೊದಲ ಸಲ. ಮುಂದೆ ಎನ್‌ಎಚ್‌ಎಲ್‌ನಲ್ಲಿ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿಯನ್ನು 2020, 2024 ಮತ್ತು 2025ರಲ್ಲಿ ಗೆದ್ದ. 2025ರಲ್ಲಿ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯೂ ಅವನದೇ.

ಇಂಥ ಕಥೆ ಒಂದೇ ಅಲ್ಲ. ಬೋಸ್ಟನ್ ಕಾಲೇಜಿನಲ್ಲಿ ಆಡಿದ ಜಾನಿ ಗೋಡ್ರೊ ಆಯ್ಕೆಯ ಹೊತ್ತಿಗೆ ಐದೂವರೆ ಅಡಿ ಆಸುಪಾಸಿನ ಪೀಚಲು ಹುಡುಗ. 2011ರಲ್ಲಿ 104ನೆಯವನಾಗಿ ಆಯ್ಕೆಯಾದ. 2014ರಲ್ಲಿ ಕಾಲೇಜು ಹಾಕಿಯ ಅತ್ಯುನ್ನತ ಪ್ರಶಸ್ತಿ ಹೋಬಿ ಬೇಕರ್ ಪಡೆದ. ವಿಸ್ಕಾನ್ಸಿನ್ ಯೂನಿವರ್ಸಿಟಿಯ ಜೋ ಪವೆಲ್ಸ್ಕಿಯ ಸ್ಕೇಟಿಂಗ್ ನಿಧಾನವೆಂಬ ದೂರಿತ್ತು. 2003ರಲ್ಲಿ 205ನೆಯವನಾಗಿ ಆಯ್ಕೆಯಾದ ಅವನು ಎನ್‌ಎಚ್‌ಎಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿ ನಿವೃತ್ತನಾದ. ಒಬ್ಬನ ಎತ್ತರ, ಇನ್ನೊಬ್ಬನ ವೇಗ, ಮತ್ತೊಬ್ಬ ಆಡಿದ ಊರು. ಅಳೆಯಲು ಸುಲಭವಾದ ಸಂಗತಿಯೇ ಮೂವರಿಗೂ ಅಡ್ಡ ಬಂದಿತ್ತು.

ಯಾರ ವಿರುದ್ಧ ಹೊಡೆದ ಗೋಲು?

ಹಾಗಂತ ಅಲ್ಲಿನ ಕೋಚ್‌ಗಳು ಅಂಕಿಸಂಖ್ಯೆ ನೋಡುವುದಿಲ್ಲ ಎಂದಲ್ಲ. ಚೆನ್ನಾಗಿಯೇ ನೋಡುತ್ತಾರೆ. ಒಬ್ಬ ಆಟಗಾರ ಎಷ್ಟು ಗೋಲು ಹೊಡೆದ, ಎಷ್ಟು ಗೋಲಿಗೆ ನೆರವಾದ ಎಂಬುದನ್ನು ಕೂಡಿಸಿ ಪಾಯಿಂಟ್ ಲೆಕ್ಕ ಹಾಕುತ್ತಾರೆ. ಆದರೆ ಪಾಯಿಂಟ್ ನೋಡಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಲೀಗ್‌ನಲ್ಲಿ ಗಳಿಸಿದ್ದು? ಬಲಿಷ್ಠ ಲೀಗ್‌ನ 30 ಪಾಯಿಂಟ್ ಸಾಧಾರಣ ಲೀಗ್‌ನ 50ಕ್ಕಿಂತ ಹೆಚ್ಚು ತೂಗಬಹುದು. ಒಂದು ಲೀಗ್‌ನ ಪಾಯಿಂಟನ್ನು ಇನ್ನೊಂದರ ಅಳತೆಗೆ ಬದಲಾಯಿಸುವ ಲೆಕ್ಕಾಚಾರಗಳೇ ಇವೆ. ಪಕ್ಕದಲ್ಲಿ ಆಡುತ್ತಿದ್ದವರು ಯಾರು? ಎದುರಾಳಿ ತಂಡದವನೊಬ್ಬ ಶಿಕ್ಷೆಗಾಗಿ ಹೊರಗೆ ಕುಳಿತಿದ್ದಾಗ ಹೊಡೆದ ಗೋಲುಗಳೆಷ್ಟು, ಸಮಬಲವಿದ್ದಾಗ ಹೊಡೆದವೆಷ್ಟು? ಗಳಿಸಿದಾಗ ಅವನ ವಯಸ್ಸೆಷ್ಟು? ಹದಿನೇಳರ ಹುಡುಗರ ನಡುವೆ ಇಪ್ಪತ್ತರವನು ಮಿಂಚಿದರೆ ಅದರಲ್ಲಿ ಬೆರಗಾಗುವುದೇನಿದೆ?

ವಿಟಿಯು ನೇರ ಅಧೀನದ ಕಾಲೇಜಿನ ಸಿಜಿಪಿಎ, ಸ್ವಾಯತ್ತ ಕಾಲೇಜಿನ ಸಿಜಿಪಿಎ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದನ್ನು ದಿನವೂ ನೋಡುವ ನಮಗೆ ಈ ಪ್ರಶ್ನೆಗಳ ಬೆಲೆ ಗೊತ್ತಾಗದೇ ಇರದು.

ಲೆಕ್ಕ ಮುಗಿದ ಮೇಲೆ ಕೋಚ್ ರಿಂಕ್‌ಗೆ ಹೋಗಿ ಕೂರುತ್ತಾನೆ. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಪಕ್ ಎಂಬ ರಬ್ಬರಿನ ಬಿಲ್ಲೆ. ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷ ಆಡಿ ಹೊರಬರುತ್ತಾನೆ, ಬೇರೊಬ್ಬ ಒಳಹೋಗುತ್ತಾನೆ. ಆ ಮುಕ್ಕಾಲು ನಿಮಿಷದಲ್ಲಿ ಪಕ್ ಅವನ ಬಳಿ ಇರುವುದು ಕೆಲವೇ ಸೆಕೆಂಡು. ನಾವು ಪ್ರೇಕ್ಷಕರು ಪಕ್ ನೋಡುತ್ತೇವೆ. ಆಯ್ಕೆ ಮಾಡುವವನು ಪಕ್ ಇಲ್ಲದಾಗ ಹುಡುಗ ಏನು ಮಾಡುತ್ತಾನೆಂದು ನೋಡುತ್ತಾನೆ. ಪಕ್ ಕಳೆದುಕೊಂಡ ಮರುಕ್ಷಣ ತಲೆ ತಗ್ಗಿಸಿದನೇ, ಬೆನ್ನಟ್ಟಿದನೇ? ಬೆಂಚಿನ ಮೇಲೆ ಜೊತೆಗಾರನಿಗೆ ಏನು ಹೇಳಿದ? ಒಂದು ಪಂದ್ಯದಿಂದ ತೀರ್ಮಾನವಾಗುವುದಿಲ್ಲ. ನಾಲ್ಕಾರು ಪಂದ್ಯ ನೋಡಿ, ಹಳೆಯ ಕೋಚ್‌ನನ್ನು ವಿಚಾರಿಸಿ, ಮುಂದಿನ ವರ್ಷ ಮತ್ತೆ ನೋಡಿ ಆಮೇಲೆ ಕರೆಯುತ್ತಾರೆ. ಹಾಗಾಗಿಯೇ ಅಲ್ಲಿ ಮೊದಲ ವರ್ಷಕ್ಕೆ ಬರುವ ಹಾಕಿ ಆಟಗಾರರಲ್ಲಿ ಅನೇಕರಿಗೆ ಹತ್ತೊಂಬತ್ತು, ಇಪ್ಪತ್ತು ವರ್ಷ. ನನ್ನ ವಯಸ್ಸು. ನಾನು ಆರನೇ ಸೆಮಿಸ್ಟರ್‌ನಲ್ಲಿ ‘ಅರ್ಹನಲ್ಲ’ ಎನ್ನಿಸಿಕೊಂಡ ವಯಸ್ಸಿನಲ್ಲಿ ಅವರ ಕಾಲೇಜು ಆಟ ಶುರುವಾಗುತ್ತದೆ.

ಜನವರಿಯ ಮಗು, ಡಿಸೆಂಬರಿನ ಮಗು

ಇಷ್ಟೆಲ್ಲ ಮಾಡಿಯೂ ಅವರು ತಪ್ಪುತ್ತಾರೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲೇ ಒಂದು ವಿಚಿತ್ರ ಗುರುತಿಸಿದ್ದರು. ದೊಡ್ಡ ಮಟ್ಟದ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಅಲ್ಲಿ ಮಕ್ಕಳ ವಯೋಗುಂಪು ಲೆಕ್ಕ ಹಾಕುವುದು ಜನವರಿ 1ರಿಂದ. ಎಂಟು ವರ್ಷದ ಮಕ್ಕಳಲ್ಲಿ ಜನವರಿಯವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಎತ್ತರ, ಬಲ ಎರಡೂ ಹೆಚ್ಚು. ‘ಪ್ರತಿಭಾವಂತ’ ಎಂದು ಅವನನ್ನು ಆರಿಸುತ್ತಾರೆ, ಒಳ್ಳೆಯ ತರಬೇತಿ ಕೊಡುತ್ತಾರೆ, ಅವನು ನಿಜಕ್ಕೂ ಪ್ರತಿಭಾವಂತನಾಗುತ್ತಾನೆ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಎನ್‌ಎಚ್‌ಎಲ್ ಆಯ್ಕೆಗಳನ್ನು ಜಾಲಾಡಿತು. ವರ್ಷದ ಕೊನೆಯಲ್ಲಿ ಹುಟ್ಟಿದವರನ್ನು ಅವರ ಯೋಗ್ಯತೆಗಿಂತ ಕೆಳಗಿನ ಸ್ಥಾನಗಳಲ್ಲಿ ಆರಿಸಲಾಗಿತ್ತು. ಮುಂದೆ ಅವರು ಆ ಸ್ಥಾನದಿಂದ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಾಧಿಸಿದ್ದರು. ನೋಡುವವರು ಇಂದಿನ ಅಳತೆಯನ್ನೇ ನಾಳಿನ ಅಳತೆ ಎಂದುಕೊಂಡಿದ್ದರು.

2023ರ ಕಾಲೇಜು ಫೈನಲ್ ನೋಡಿ. ಮಿನೆಸೊಟಾ ತಂಡದ ತುಂಬ ಎನ್‌ಎಚ್‌ಎಲ್ ತಂಡಗಳು ಆಗಲೇ ಆರಿಸಿಟ್ಟಿದ್ದ ಹುಡುಗರು. ಎದುರಿಗಿದ್ದ ಕ್ವಿನಿಪಿಯಾಕ್‌ನಲ್ಲಿ ಅಂಥವರು ಬಹಳ ಕಡಿಮೆ. ವಯಸ್ಸಿನಲ್ಲಿ ಮಾಗಿದವರು, ಜೊತೆಯಾಗಿ ಆಡಿ ಪಳಗಿದವರು. ಹೆಚ್ಚುವರಿ ಅವಧಿ ಶುರುವಾದ ಹತ್ತನೇ ಸೆಕೆಂಡಿಗೆ ಗೋಲು ಹೊಡೆದು ಕ್ವಿನಿಪಿಯಾಕ್ 3–2ರಿಂದ ಗೆದ್ದಿತು.

ಎದುರು ವಾದವೂ ಇದೆ

ಮ್ಯಾಕ್ಲಿನ್ ಸೆಲೆಬ್ರೀನಿಯ ಉದಾಹರಣೆ ಕೊಟ್ಟು ಯಾರಾದರೂ ನನ್ನ ಬಾಯಿ ಮುಚ್ಚಿಸಬಹುದು. ಹದಿನೇಳನೇ ವಯಸ್ಸಿನಲ್ಲಿ ಬೋಸ್ಟನ್ ಯೂನಿವರ್ಸಿಟಿ ಸೇರಿ 38 ಪಂದ್ಯಗಳಲ್ಲಿ 64 ಪಾಯಿಂಟ್ ಗಳಿಸಿದ. 2024ರಲ್ಲಿ ಹೋಬಿ ಬೇಕರ್ ಗೆದ್ದ ಅತಿ ಕಿರಿಯನಾದ. ಅದೇ ವರ್ಷ ಎನ್‌ಎಚ್‌ಎಲ್‌ಗೆ ಮೊದಲನೆಯವನಾಗಿ ಆಯ್ಕೆಯಾದ. ಅವನ ವಿಷಯದಲ್ಲಿ ಅಂಕಿಗಳು ಸತ್ಯವನ್ನೇ ಹೇಳಿದ್ದವು. ಎಲ್ಲ ಅಂಕಿಯೂ ಸುಳ್ಳು ಎಂದು ನಾನು ಹೇಳಹೊರಟಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಒಬ್ಬ ಕೋಚ್‌ಗೆ ವರ್ಷಕ್ಕೆ ಬೇಕಾಗುವುದು ಬೆರಳೆಣಿಕೆಯ ಹುಡುಗರು. ನೋಡಲು ವರ್ಷಗಟ್ಟಲೆ ಸಮಯವಿದೆ. ಕ್ಯಾಂಪಸ್‌ಗೆ ಬರುವ ಕಂಪನಿಗೆ ಸಾವಿರಾರು ಅರ್ಜಿ, ಎರಡು ದಿನ. ಜರಡಿ ಹಿಡಿಯದೆ ಏನು ಮಾಡಬೇಕು? ಒಪ್ಪುತ್ತೇನೆ. ಜರಡಿ ಅಲ್ಲಿಯೂ ಇದೆ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಮೊದಲ ದರ್ಜೆಯ ತಂಡ ಸೇರುವವರಿಗೆ ಹೈಸ್ಕೂಲಿನ 16 ಮುಖ್ಯ ಕೋರ್ಸ್‌ಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಬೇಕೆನ್ನುತ್ತದೆ. ಅದು ಕ್ಲಾಸಿನಲ್ಲಿ ಕೂರಲು ಬೇಕಾದ ಅರ್ಹತೆ. ಆಟಗಾರ ಹೇಗೆ ಆಡುತ್ತಾನೆಂದು ಆ ಅಂಕದಿಂದ ಯಾರೂ ತೀರ್ಮಾನಿಸುವುದಿಲ್ಲ.

ನನ್ನ ತಕರಾರು ಇರುವುದು ಯಾವ ಜರಡಿ ಎಂಬುದರ ಬಗ್ಗೆ. ಸಾಫ್ಟ್‌ವೇರ್ ಕೆಲಸಕ್ಕೆ ಕರೆಯುವವರಿಗೆ ಮೂರು ವರ್ಷದ ಹಿಂದಿನ ಕೆಮಿಸ್ಟ್ರಿ ಅಂಕ ಮುಖ್ಯವೋ, ಕಳೆದ ಐದು ಸೆಮಿಸ್ಟರ್‌ನಲ್ಲಿ ಅವನು ಹೋದ ದಾರಿ ಮುಖ್ಯವೋ? ಒಂದು ಗಂಟೆಯ ಆನ್‌ಲೈನ್ ಕೋಡಿಂಗ್ ಪರೀಕ್ಷೆಯನ್ನು ಸಾವಿರಾರು ಜನಕ್ಕೆ ಒಟ್ಟಿಗೆ ಕೊಡಬಹುದು. ಅದನ್ನೇ ಮೊದಲ ಜರಡಿ ಮಾಡಿದರೆ ಕಂಪನಿಗೆ ನಷ್ಟವೇನು? ಸೋತರೆ ನನ್ನ ಆಟದಲ್ಲಿ ಸೋತೆ ಎಂಬ ಸಮಾಧಾನವಾದರೂ ನನಗಿರುತ್ತದೆ.

ಅಮೆರಿಕದವರದ್ದು ರಾಮರಾಜ್ಯವೇನಲ್ಲ. ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಪರಿಗಣಿಸಿ ದಶಕಗಳ ಕಾಲ ಕಾಲೇಜು ಹಾಕಿಯಿಂದ ಹೊರಗಿಟ್ಟಿದ್ದರು. 2025ರ ಆಗಸ್ಟ್‌ನಿಂದ ಆ ಬಾಗಿಲು ತೆರೆದಿದೆ. ಅದೇ ಹೊತ್ತಿಗೆ ಹಲವು ಕಾಲೇಜುಗಳ ತಂಡದ ಗಾತ್ರ 26ಕ್ಕೆ ಸೀಮಿತವಾಗಿದೆ. ಬರುವವರು ಹೆಚ್ಚಿದರೂ ಕುರ್ಚಿಗಳು ಹೆಚ್ಚಿಲ್ಲ. ಈಗ ಒಡೆಸ್ಸಾದಂಥ ಊರಿನ ಹುಡುಗನನ್ನು ನೋಡಲು ಯಾರು ಹೋಗುತ್ತಾರೋ ಎಂಬ ಆತಂಕ ನನಗೂ ಇದೆ.

ನಾನೂ ಅದನ್ನೇ ಮಾಡಿದ್ದೆ

ಇಷ್ಟು ಬರೆದು ಕಂಪನಿಯನ್ನು ಬೈದು ಮುಗಿಸಿದ್ದರೆ ಸುಲಭವಿತ್ತು. ಆದರೆ ಓದುತ್ತಿದ್ದಾಗ ನೆನಪಾಗಿ ಕಾಡಿದ್ದು ಕಳೆದ ಅಕ್ಟೋಬರ್.

ನಾನು ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೇನೆ. ಮೊದಲ ವರ್ಷದವರ ಆಯ್ಕೆಗೆ ಪಿ.ಇ. ಸರ್ ನಮ್ಮ ಮೂವರನ್ನು ಕೂರಿಸಿದ್ದರು. ಬಂದವರು ಎಪ್ಪತ್ತು ಜನ, ಬೇಕಿದ್ದವರು ಐದು. ಬೇಗ ಮುಗಿಯಲಿ ಎಂದು ನಾನೇ ಒಂದು ಹಾಳೆಯಲ್ಲಿ ಗೆರೆ ಎಳೆದೆ. ಎತ್ತರ, ತೂಕ, ಜಿಲ್ಲಾ ಮಟ್ಟದ ಸರ್ಟಿಫಿಕೇಟ್ ಇದೆಯೇ, ಇಲ್ಲವೇ. ಹರಪನಹಳ್ಳಿ ಕಡೆಯ ಹುಡುಗನೊಬ್ಬ ಬರಿಗಾಲಲ್ಲಿ ನಿಂತಿದ್ದ. ‘ಸರ್ಟಿಫಿಕೇಟ್?’ ಎಂದೆ. ‘ಜಾತ್ರೆ ಟೂರ್ನಿ ಆಡೀನಿ ಅಣ್ಣಾ, ಸರ್ಟಿಫಿಕೇಟ್ ಕೊಡಲ್ರಿ ಅಲ್ಲಿ’ ಎಂದ. ನಾನು ಅಡ್ಡಗೆರೆ ಎಳೆದೆ. ಅಂಕಣಕ್ಕೆ ಇಳಿಸಲೂ ಇಲ್ಲ.

ಅವನು ಆಮೇಲೆ ಎಲ್ಲೋ ಮಿಂಚಿದ ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಅವನು ಚೆನ್ನಾಗಿ ಆಡುತ್ತಾನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಯಾಕೆಂದರೆ ನಾನು ನೋಡಲೇ ಇಲ್ಲ. ನನಗೆ 58 ಎಷ್ಟು ಅಡ್ಡ ಬಂತೋ, ಅವನಿಗೆ ಆ ಕಾಗದ ಅಷ್ಟೇ ಅಡ್ಡ ಬಂತು. ವ್ಯತ್ಯಾಸವಿಷ್ಟೇ, ನನಗೆ ಬೇಡವೆಂದದ್ದು ಯಂತ್ರ, ಅವನಿಗೆ ಬೇಡವೆಂದದ್ದು ನಾನು.

ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಆಯ್ಕೆ ಇದೆ. ಪಿ.ಇ. ಸರ್ ಜೊತೆ ಮಾತಾಡಿದ್ದೇನೆ. ಸರ್ಟಿಫಿಕೇಟ್ ಇರಲಿ, ಬಿಡಲಿ ಎಲ್ಲರನ್ನೂ ಹತ್ತು ನಿಮಿಷವಾದರೂ ಆಡಿಸುವುದು. ಒಂದು ದಿನದ ಬದಲು ಎರಡು ದಿನ ನೋಡುವುದು. ಔಟಾಗಿ ಹೊರಬಂದವನು ಗೆರೆಯಾಚೆ ಕುಳಿತು ಏನು ಮಾಡುತ್ತಾನೆಂದು ಗಮನಿಸುವುದು. ಕೈಬಿಟ್ಟವರ ಹೆಸರಿನ ಮುಂದೆ ಕಾರಣ ಬರೆದಿಟ್ಟು ಅವರಿಗೂ ಹೇಳುವುದು, ವರ್ಷದ ನಂತರ ನಮ್ಮ ಲೆಕ್ಕ ಎಷ್ಟು ತಪ್ಪಿತ್ತೆಂದು ತೆಗೆದು ನೋಡುವುದು. ಸರ್ ನಕ್ಕು, ‘ಎರಡು ದಿನ ಬಿಸಿಲಲ್ಲಿ ನೀನೇ ಕೂರಬೇಕು ನೋಡು’ ಎಂದರು. ಕೂರುತ್ತೇನೆ ಎಂದಿದ್ದೇನೆ.

ಕೆಲಸ ಹುಡುಕುತ್ತಿರುವ ಗೆಳೆಯರೇ, ನಿಮ್ಮಲ್ಲೂ ಬಹಳ ಮಂದಿಗೆ ಇಂಥ ಒಂದು ಅಂಕಿ ಅಂಟಿಕೊಂಡಿರಬಹುದು. ಬ್ಯಾಕ್‌ಲಾಗ್ ಇರಬಹುದು, ಡ್ರಾಪ್ ಮಾಡಿದ ವರ್ಷ ಇರಬಹುದು. ದೊಡ್ಡ ಲೀಗ್ ಕರೆಯದಿದ್ದಾಗ ಹೆಲೆಬಕ್ ಆಟ ಬಿಡಲಿಲ್ಲ, ಸಿಕ್ಕ ಊರಿಗೆ ಹೋಗಿ ಆಡಿದ. ಆಡುತ್ತಿದ್ದದ್ದರಿಂದಲೇ ನೋಡಲು ಬಂದವರಿಗೆ ಕಂಡ. ನಾನೂ ಸದ್ಯ ಊರಿನ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಸಂಬಳವಿಲ್ಲದ ಇಂಟರ್ನ್‌ಷಿಪ್‌ಗೆ ಸೇರಿದ್ದೇನೆ. ಅಲ್ಲಿ ಯಾರೂ ಪಿಯುಸಿ ಅಂಕ ಕೇಳಲಿಲ್ಲ, ಬರೆದ ಕೋಡ್ ತೋರಿಸು ಎಂದರು.

ಆ ಹರಪನಹಳ್ಳಿ ಹುಡುಗ ನಮ್ಮ ಕಾಲೇಜಿನಲ್ಲೇ ಇದ್ದಾನೆ, ಸಿವಿಲ್ ವಿಭಾಗದಲ್ಲಿ. ಮುಂದಿನ ಸಲ ಆಯ್ಕೆಗೆ ಬಾ ಎಂದು ಹೇಳಲು ಎರಡು ಸಲ ಅವನ ತರಗತಿಯವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಈ ವಾರ ಹೇಳಲೇಬೇಕು.