ಶೇಂಗಾ ಬಿಟ್ಟುಹೋಗುವುದೇನು?
ಮುಂಗಾರು ಬಿತ್ತನೆಯ ಹೊತ್ತಿಗೆ ಇಂದಿಗೂ ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಬೀಜದ ಮಾತೆಂದರೆ ಟಿಎಂವಿ-2. 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಂದ ಈ ತಳಿಗೆ ಇನ್ನೂ ನಿವೃತ್ತಿಯಿಲ್ಲ. ಅತ್ತ ವಿಜ್ಞಾನಿಗಳು 2019ರಲ್ಲೇ ಬೇಸಾಯದ ಶೇಂಗಾದ ಜೀನೋಮ್ ಬಿಡಿಸಿಟ್ಟಿದ್ದಾರೆ. ದಕ್ಷಿಣ ಅಮೆರಿಕದ ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ ಈ ಗಿಡ, ಆಮೇಲೆ ಕಾಡಿನ ನೆಂಟರೊಡನೆ ಸುಲಭವಾಗಿ ಬೆರೆಯಲಿಲ್ಲ; ಹಾಗಾಗಿ ತುಕ್ಕು, ಎಲೆಚುಕ್ಕೆ ತಾಳುವ ಗುಣವನ್ನು ತಳಿವಿಜ್ಞಾನಿಗಳೇ ಕಾಡುಜಾತಿಯಿಂದ ಎರವಲು ತರಬೇಕಾಯಿತು. ಧಾರವಾಡದ ಜಿಪಿಬಿಡಿ-4 ತಳಿ ಅಂಥ ಎರವಲಿನ ಫಲ. ತಳಿಯಲ್ಲಿ ಇಷ್ಟು ದೂರ ಬಂದವರು ಮಣ್ಣಿನ ವಿಷಯದಲ್ಲಿ ಮಾತ್ರ ‘ದ್ವಿದಳ ಬೆಳೆಯಲ್ಲವೇ, ಸಾರಜನಕ ತಾನೇ ಕೂಡಿಸುತ್ತದೆ’ ಎಂಬ ಹಳೇ ಸಮಾಧಾನಕ್ಕೇ ಜೋತುಬಿದ್ದಿದ್ದೇವೆ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವುದು ನಿಜವೇ. ಆದರೆ ತೊಗರಿ ಎಲೆ ಉದುರಿಸಿ ಅದನ್ನು ಹೊಲಕ್ಕೆ ಬಿಟ್ಟುಹೋಗುತ್ತದೆ. ಶೇಂಗಾವನ್ನು ನಾವು ಬೇರುಸಹಿತ ಕೀಳುತ್ತೇವೆ, ಕಾಯಿ ಗಾಣಕ್ಕೆ, ಹೊಟ್ಟು ದನಕ್ಕೆ; ಹೊಲಕ್ಕೆ ಉಳಿಯುವುದು ಕಡಿಮೆ. ಬರದ ಸೀಮೆಯಲ್ಲಿ ಮೇವು ಬಿಡಲಾದೀತೇ ಎಂಬ ಆಕ್ಷೇಪ ನ್ಯಾಯವಾದದ್ದು, ಬಿಡಬೇಕಿಲ್ಲ. ತಿಪ್ಪೆಯ ಗೊಬ್ಬರ ಅದೇ ಹೊಲಕ್ಕೆ ಮರಳಿದರೆ ಸಾಕು. ಹೊಸ ತಳಿಗೆ ಸಹಾಯಧನ ಕೊಡುವ ಸರ್ಕಾರ ಬೀಜದ ಚೀಲದ ಜೊತೆಗೆ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಪೊಟ್ಟಣವನ್ನೂ ಕಾಯಿ ತುಂಬಲು ಬೇಕಾದ ಜಿಪ್ಸಂ ಅನ್ನೂ ಕೊಡಲಿ.