‘ಎದೆಗೆ ವಾಯು ಹಿಡಿದಿದೆ’ ಅಂದರೆ ಯಾವ ವಾಯು? ಕಷಾಯಕ್ಕೆ ಬಗ್ಗದ ಗಾಳಿಯೂ ಇದೆ

ಎದೆಯ ಒಂದು ಪಕ್ಕ ಹಿಡಿದುಕೊಂಡರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ವಾಯು ಹಿಡಿದಿದೆ’. ವಾಟ್ಸ್ಆ್ಯಪ್‌ನಲ್ಲೂ ಓಂಕಾಳು-ಜೀರಿಗೆ ಕಷಾಯ, ಬಿಸಿ ಎಣ್ಣೆ, ಸೋಡಾ ಎಂದು ಮದ್ದುಗಳು ಹರಿದಾಡುತ್ತವೆ. ಹೆಚ್ಚಿನ ಸಲ ಅದು ಸ್ನಾಯು ಸೆಳೆತವೋ ಹೊಟ್ಟೆಯುಬ್ಬರವೋ ಆಗಿದ್ದು ತಾನಾಗಿಯೇ ಹೋಗುತ್ತದೆ, ಹೆಸರು ಕಷಾಯಕ್ಕೆ ಬರುತ್ತದೆ. ಆದರೆ ಅಪರೂಪಕ್ಕೆ ಎದೆಗೂಡಿನೊಳಗೆ ನಿಜವಾಗಿಯೂ ಗಾಳಿ ಸೇರಿರುತ್ತದೆ. ವೈದ್ಯರು ಇದನ್ನು ‘ನ್ಯೂಮೋಥೊರಾಕ್ಸ್’ ಎನ್ನುತ್ತಾರೆ.

ಒಳಗೆ ಆಗುವುದೇನು?

ಶ್ವಾಸಕೋಶದ ಸುತ್ತ ಎರಡು ತೆಳು ಪೊರೆಗಳಿವೆ. ಅವುಗಳ ನಡುವೆ ತುಸು ದ್ರವ ಇರುತ್ತದೆ, ಗಾಳಿ ಇರಬಾರದು. ಶ್ವಾಸಕೋಶಕ್ಕೆ ತೂತು ಬಿದ್ದರೆ ಗಾಳಿ ಅಲ್ಲಿಗೆ ಸೋರಿ, ಶ್ವಾಸಕೋಶ ಕುಗ್ಗುತ್ತದೆ. ಹೊಟ್ಟೆಯ ಗ್ಯಾಸ್‌ಗೂ ಇದಕ್ಕೂ ಸಂಬಂಧವಿಲ್ಲ. ಕುಡಿದ ಕಷಾಯ ಆ ಜಾಗಕ್ಕೆ ತಲುಪುವುದೇ ಇಲ್ಲ.

ಯಾರಿಗೆ ಬರುತ್ತದೆ?

ಎತ್ತರವಾಗಿ ತೆಳ್ಳಗಿರುವ ಯುವಕರಿಗೆ ಯಾವ ಕಾರಣವೂ ಕಾಣದೆ ಬರಬಹುದು. ಬೀಡಿ-ಸಿಗರೇಟು ಸೇದುವವರಿಗೆ, ಕ್ಷಯ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು.

ಮತ್ತೊಂದು ಕಾರಣ ಪೆಟ್ಟು. ಬೇಲೂರು ತಾಲ್ಲೂಕಿನ ಬಿಕ್ಕೋಡು ಸುತ್ತಲಿನಂಥ ಕಾಫಿ ಸೀಮೆಯಲ್ಲಿ ಇದು ಮುಖ್ಯ. ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಹಾಕಿ ಹತ್ತಿದವರು ಬಿದ್ದರೆ, ಮುರಿದ ಪಕ್ಕೆಲುಬಿನ ತುದಿ ಶ್ವಾಸಕೋಶಕ್ಕೆ ಚುಚ್ಚಬಹುದು. ಕಾಡಾನೆ ದೂಡಿದಾಗಲೂ ಹೀಗಾಗಬಹುದು. ಹೊರಗೆ ಒಂದು ಹನಿ ರಕ್ತವೂ ಕಾಣದೆ ಇರಬಹುದು. ಅಂಥ ಎದೆಗೆ ಎಣ್ಣೆ ಹಾಕಿ ತಿಕ್ಕಿದರೆ ಗಾಯ ಇನ್ನಷ್ಟು ಹೆಚ್ಚಬಹುದು.

ಗುರುತಿಸುವುದು ಹೇಗೆ?

ಇದ್ದಕ್ಕಿದ್ದಂತೆ ಒಂದೇ ಪಕ್ಕದಲ್ಲಿ ಚುಚ್ಚುವ ನೋವು, ಉಸಿರೆಳೆದರೆ ಅದು ಹೆಚ್ಚಾಗುವುದು, ಜೊತೆಗೆ ಏದುಸಿರು. ಇದು ಹೃದಯಾಘಾತವೋ ನ್ಯೂಮೋಥೊರಾಕ್ಸೋ ಎಂದು ಮನೆಯಲ್ಲಿ ಹೇಳಲಾಗದು. ಆಸ್ಪತ್ರೆಯಲ್ಲಿ ಸ್ಟೆತಸ್ಕೋಪ್ ಇಟ್ಟಾಗ ಆ ಪಕ್ಕದ ಉಸಿರಿನ ಸದ್ದು ಕಡಿಮೆ ಕೇಳಿಸುತ್ತದೆ. ಸಾಮಾನ್ಯವಾಗಿ ಒಂದು ಎಕ್ಸ್‌ರೇ ಸಾಕು, ವಿಷಯ ತಿಳಿಯುತ್ತದೆ.

ಚಿಕಿತ್ಸೆ ಏನು?

ಗಾಳಿ ಸ್ವಲ್ಪವೇ ಇದ್ದು ಉಸಿರಾಟ ಸರಿಯಿದ್ದರೆ, ಎಕ್ಸ್‌ರೇ ಮತ್ತೆ ತೆಗೆದು ಗಮನಿಸುತ್ತಾರೆ. ಹೆಚ್ಚಿದ್ದರೆ ಸೂಜಿಯಿಂದ ಎಳೆಯುತ್ತಾರೆ, ಇಲ್ಲವೇ ಪಕ್ಕೆಲುಬುಗಳ ನಡುವೆ ಟ್ಯೂಬ್ ಹಾಕುತ್ತಾರೆ. ಟ್ಯೂಬಿನ ಇನ್ನೊಂದು ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಮರಳಿ ಒಳಹೋಗಲು ನೀರು ಬಿಡುವುದಿಲ್ಲ. ಆ ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಬಾರದು. ಪದೇ ಪದೇ ಬಂದರೆ ಶಸ್ತ್ರಚಿಕಿತ್ಸೆ ಇದೆ.

‘ಎದೆಗೆ ಟ್ಯೂಬ್ ಹಾಕಿದರೆ ಮುಗಿಯಿತು’ ಎಂಬುದು ತಪ್ಪು. ಎಷ್ಟೋ ಸಲ ಜೀವ ಉಳಿಸುವುದೇ ಆ ಟ್ಯೂಬ್. ಗಾಳಿಯ ಒತ್ತಡ ಏರುತ್ತಾ ಹೋಗಿ ಹೃದಯಕ್ಕೆ ರಕ್ತ ಮರಳದಂತಾದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ನೆನಪಿಡಿ: ಎದೆನೋವಿನ ಜೊತೆ ಏದುಸಿರು ಇದ್ದರೆ, ಅಥವಾ ಬಿದ್ದ ಮೇಲೆ ಉಸಿರು ಕಷ್ಟವಾದರೆ, ಕಷಾಯ ಕುದಿಯುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.