ವರ್ಷಕ್ಕೊಂದು ಕ್ರೀಡೋತ್ಸವ ಸಾಕೇ?

ಕೊಚ್ಚಿಯ ವೈಟ್ಟಿಲ ಎಂದರೆ ಹೊರನಾಡ ಕನ್ನಡಿಗರಿಗೆ ಮೊದಲು ನೆನಪಾಗುವುದು ಊರಿನ ಬಸ್ಸು. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಕಿಳಕ್ಕಂಬಲಂ ಭಾರತದ ಹಾಕಿಗೆ ಪಿ.ಆರ್. ಶ್ರೀಜೇಶ್ ಅವರನ್ನು ನೀಡಿದ ಊರೆಂಬುದು ಎಷ್ಟು ಮಂದಿಗೆ ನೆನಪಿದೆ? 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಹಾಗೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಗೋಲ್‌ಕೀಪರ್ ಅವರು. ಆದರೆ ಅವರಿಗೆ ಹಾಕಿ ದಕ್ಕಿದ್ದು ಹುಟ್ಟೂರಿನಲ್ಲಲ್ಲ, ಎಳೆಯ ವಯಸ್ಸಿನಲ್ಲೇ ಮನೆಬಿಟ್ಟು ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆ ಸೇರಿದ ಮೇಲೆ.

ಅವರಿಗಿಂತ ಮೊದಲು ಒಲಿಂಪಿಕ್ಸ್ ಪದಕ ಗೆದ್ದ ಮಲಯಾಳಿ, 1972ರ ಮ್ಯೂನಿಕ್ ತಂಡದ ಗೋಲ್‌ಕೀಪರ್ ಕಣ್ಣೂರಿನ ಮ್ಯಾನುವೆಲ್ ಫ್ರೆಡರಿಕ್. ಅವರ ಬದುಕು ಸಾಗಿದ್ದು ನಮ್ಮ ಬೆಂಗಳೂರಿನಲ್ಲಿ. 2025ರ ಅಕ್ಟೋಬರ್‌ನಲ್ಲಿ ನಿಧನರಾದದ್ದೂ ಅಲ್ಲಿಯೇ. ಇಬ್ಬರಿಗೂ ಆಟ ಕೈಹಿಡಿದದ್ದು ಊರು ಬಿಟ್ಟ ನಂತರ.

ಇನ್ನು ಪರವೂರಿನ ಕನ್ನಡ ಸಂಘಗಳ ಕ್ರೀಡೋತ್ಸವ. ಬೆಳಿಗ್ಗೆ ದೀಪ ಬೆಳಗಿಸಿ ಆರಂಭವಾದದ್ದು ಲಿಂಬೆ-ಚಮಚದ ಓಟ, ಹಗ್ಗಜಗ್ಗಾಟ, ಊಟ ಮುಗಿಸಿ ಸಂಜೆ ಬಹುಮಾನ ವಿತರಣೆಯೊಂದಿಗೆ ಸಂಪನ್ನ. ಗಣ್ಯರ ಭಾಷಣಕ್ಕೆ ಹಿಡಿಯುವ ಸಮಯದಲ್ಲಿ ಮಕ್ಕಳು ಇನ್ನೆರಡು ಪಂದ್ಯ ಆಡಬಹುದಿತ್ತು! ಮೊದಲ ಸುತ್ತಿನಲ್ಲೇ ಸೋತ ಹುಡುಗನಿಗೆ ಮುಂದಿನ ಅವಕಾಶ ಮುಂದಿನ ವರ್ಷವೇ.

ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ 2025ರ ಮಡಿಕೇರಿ ಕೂಟದ ಹೊತ್ತಿಗೆ 396 ತಂಡಗಳಿದ್ದವು. ತಾತ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಈ ಉತ್ಸವ ನಿಜಕ್ಕೂ ಶ್ಲಾಘನೀಯ. ಆದರೂ ಅದು ಉತ್ಸವ, ಸೋತ ತಂಡ ಮನೆಗೆ. ಲೀಗ್‌ನ ರೀತಿಯೇ ಬೇರೆ. ಈ ವಾರ ಸೋತವರು ಮುಂದಿನ ವಾರ ಮತ್ತೆ ಮೈದಾನಕ್ಕಿಳಿಯುತ್ತಾರೆ. ಐಸ್ ಹಾಕಿಯ ನಾಡಾದ ಕೆನಡಾದಲ್ಲಿ ಮಕ್ಕಳಿಗೆ 7, 9, 11, 13 ಹೀಗೆ ವಯಸ್ಸಿನ ಮಿತಿಯಲ್ಲಿ ವಿಭಾಗಗಳಿದ್ದು, ಚಳಿಗಾಲದುದ್ದಕ್ಕೂ ಪಂದ್ಯಗಳು ನಡೆಯುತ್ತವೆ. ತೀರ ಚಿಕ್ಕವರಿಗೆ ಇಡೀ ಮೈದಾನ ಕೊಡದೆ ಅದನ್ನು ಭಾಗ ಮಾಡಿ ಆಡಿಸುತ್ತಾರೆ. ಚೆಂಡಿನ ಬದಲು ಬಳಸುವ ಪಕ್ ಆಗ ಪ್ರತಿ ಮಗುವಿಗೂ ಹೆಚ್ಚು ಸಲ ಸಿಗುತ್ತದೆ. ಹದಿಹರೆಯದವರ ಜೂನಿಯರ್ ಹಂತದಲ್ಲಿ ಒಂಟಾರಿಯೊ, ಕ್ವಿಬೆಕ್, ಪಶ್ಚಿಮ ಭಾಗಗಳಿಗೆ ಪ್ರತ್ಯೇಕ ಪ್ರಾದೇಶಿಕ ಲೀಗ್‌ಗಳೇ ಇವೆ.

ಕೊಚ್ಚಿಯಲ್ಲಿ ಹಿಮವಿಲ್ಲ, ಬೇಕಾಗಿಯೂ ಇಲ್ಲ. 2014ರ ನಾನ್‌ಜಿಂಗ್ ಯುವ ಒಲಿಂಪಿಕ್ಸ್‌ನಿಂದ ಪ್ರಚಾರಕ್ಕೆ ಬಂದ ಐವರ ಹಾಕಿಗೆ ಪೂರ್ಣ ಮೈದಾನದ ಸುಮಾರು ಅರ್ಧ ಜಾಗ ಸಾಕು. ಕೊಲ್ಲಂನಲ್ಲಿರುವಂಥ ಕೃತಕ ಹುಲ್ಲಿನ ಮೈದಾನಕ್ಕೆ ಕಾಯದೆ ಶಾಲೆಯ ಸಮತಟ್ಟು ಅಂಗಳದಲ್ಲೇ ಆರಂಭಿಸಬಹುದು. ಮಳೆ ನಿಂತ ಮೇಲೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಪರೀಕ್ಷೆಗೆ ಮುನ್ನ, ಭಾನುವಾರ ಬೆಳಿಗ್ಗೆ ಎರಡು ತಾಸು. ನೆರೆಯ ಮಲಯಾಳಿ ಮಕ್ಕಳೂ ಸೇರಲಿ; ತಂಡಗಳು ತುಂಬುವುದೂ ಆಗ ಸುಲಭ. ಹೆಣ್ಣುಮಕ್ಕಳನ್ನು ರಂಗೋಲಿ ಸ್ಪರ್ಧೆಗೆ ಕಳುಹಿಸಿ ಕೈತೊಳೆದುಕೊಳ್ಳುವುದು ಬೇಡ.

ಖರ್ಚಿನ ಮಾತು ಬಂದೇ ಬರುತ್ತದೆ. ಸ್ಟಿಕ್‌ ಹೇಗೋ ಹೊಂದಿಸಬಹುದು, ಭಾರವಾಗುವುದು ಗೋಲ್‌ಕೀಪರನ ಪ್ಯಾಡ್, ಹೆಲ್ಮೆಟ್, ಎದೆಕವಚ. ಶ್ರೀಜೇಶ್‌ಗೆ ಈ ಕಿಟ್ ಕೊಡಿಸಲು ಕೃಷಿಕರಾದ ಅವರ ತಂದೆ ಮನೆಯ ಹಸುವನ್ನೇ ಮಾರಿದ್ದರು. ಸಂಘದ ಹೆಸರಿನಲ್ಲಿ ಇಂತಹ ಎರಡು ಕಿಟ್ ಕೊಂಡಿಟ್ಟರೆ ಎಲ್ಲ ತಂಡಗಳೂ ಸರದಿಯಲ್ಲಿ ಬಳಸಬಹುದು. ಈ ಸಾಲಿನ ಆಯವ್ಯಯದಲ್ಲಿ ಶಾಲು, ಸ್ಮರಣಿಕೆಗೆ ತೆಗೆದಿರಿಸಿದ ಮೊತ್ತದತ್ತ ಪದಾಧಿಕಾರಿಗಳು ಒಮ್ಮೆ ಕಣ್ಣು ಹಾಯಿಸಲಿ.